ಆಶ್ರಯವೂ ಆರೈಕೆಯೂ

ನಮ್ಮ ಸಂಘದ ಹಿರಿಯರಲ್ಲಿ ಅನೇಕರು ಕೇಂದ್ರ ಸರ್ಕಾರದ ನೌಕರಿ ಹಿಡಿದು ದೆಹಲಿಗೆ ಬಂದವರು. ರಾಮಕೃಷ್ಣಪುರಂ, ಸರೋಜಿನಿ ನಗರಗಳ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದವರು. ನಿವೃತ್ತಿಯಾದ ಮೇಲೆ ಕೆಲವರು ಊರಿಗೆ ಮರಳಿದರು, ಕೆಲವರು ದ್ವಾರಕಾ, ಮಯೂರ ವಿಹಾರ, ನೋಯ್ಡಾಗಳ ಫ್ಲಾಟುಗಳಲ್ಲಿ ಉಳಿದರು. ಮಕ್ಕಳು ದೂರ ದೇಶ ಸೇರಿದ್ದಾರೆ. ಕೈಕಾಲು ಸೋತ ದಿನ ಇವರಿಗೆ ಸ್ನಾನ ಮಾಡಿಸುವವರು ಯಾರು? ನಾವು ಈ ಮಾತನ್ನು ಮನೆಮನೆಗಳಲ್ಲಿ ಪಿಸುದನಿಯಲ್ಲಿ ಆಡಿಕೊಳ್ಳುತ್ತಿದ್ದೇವೆ. ಇದರ ಹಿಂದಿನ ಚರಿತ್ರೆಯನ್ನು ಕೊಂಚ ನೋಡೋಣ.

ಮುಪ್ಪಿನ ಆಶ್ರಯವೆಂದರೆ ನಮಗೆ ನೆನಪಾಗುವುದು ಕಾಶೀವಾಸ, ಛತ್ರ, ಮಠ. ಅಲ್ಲಿ ಅನ್ನವಿತ್ತು, ನೆರಳಿತ್ತು. ಹಾಸಿಗೆ ಹಿಡಿದವರ ಮೈ ಒರೆಸುವ ಕೆಲಸ ಮಾತ್ರ ಮನೆಯ ಹೆಂಗಸರದಾಗಿತ್ತು. (ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದು ಬೇರೆ ಮಾತು.) ಈ ಕೆಲಸವನ್ನೂ ಹೊತ್ತುಕೊಂಡ ಸಂಸ್ಥೆಯೊಂದು ಹುಟ್ಟಿದ್ದು ಫ್ರಾನ್ಸಿನಲ್ಲಿ. 1839ರ ಚಳಿಗಾಲದಲ್ಲಿ ಜಾನ್ ಜುಗಾನ್ ಎಂಬ ಬಡ ಹೆಂಗಸು, ಕಣ್ಣು ಕಾಣದ, ಪಾರ್ಶ್ವವಾಯು ಬಡಿದ ಮುದುಕಿಯೊಬ್ಬಳನ್ನು ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅದರಿಂದ ಬೆಳೆದ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಂಸ್ಥೆ 1882ರಲ್ಲಿ ಕಲ್ಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಬಂತು. ಬೆಂಗಳೂರಿನ ಹೊಸೂರು ರಸ್ತೆಯ ಅವರ ಮನೆಯನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಅಲ್ಲಿ ಆರೈಕೆಯ ಹೊಣೆ ಹೊತ್ತವರು ವ್ರತ ತೊಟ್ಟ ಸಂನ್ಯಾಸಿನಿಯರು.

ದೆಹಲಿಯ ಕಥೆ ಈಚಿನದು. 1978ರಲ್ಲಿ ಹೆಲ್ಪೇಜ್ ಇಂಡಿಯಾ ಸ್ಥಾಪನೆಯಾಯಿತು. 1999ರಲ್ಲಿ ಕೇಂದ್ರ ಸರ್ಕಾರ ವೃದ್ಧರಿಗಾಗಿ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪಾಲನೆಯ ಕಾಯಿದೆ ಬಂತು. ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಷ್ಟು ವೃದ್ಧಾಶ್ರಮವನ್ನು ಕಟ್ಟಬಹುದೆಂದು ಅದರ 19ನೆಯ ಪ್ರಕರಣ ಹೇಳುತ್ತದೆ. ‘ಕಟ್ಟಬಹುದು’, ‘ಕಟ್ಟತಕ್ಕದ್ದು’ ಎಂಬೆರಡು ಮಾತುಗಳ ಅಂತರ ಕಡತ ನೋಡುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು! ಸೇವೆಯ ಮಟ್ಟ ಹೇಗಿರಬೇಕೆಂಬುದನ್ನು ಕಾಯಿದೆ ರಾಜ್ಯಗಳಿಗೆ ಬಿಟ್ಟಿತು.

ಇಷ್ಟರಲ್ಲಿ ಹಣ ತೆರಬಲ್ಲವರಿಗಾಗಿ ಖಾಸಗಿ ನಿವಾಸಗಳು ನಮ್ಮ ಸುತ್ತಲೂ ಎದ್ದವು. 2019ರ ಮಾರ್ಚಿಯಲ್ಲಿ ಕೇಂದ್ರ ವಸತಿ ಸಚಿವಾಲಯ ಇಂಥ ನಿವಾಸಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ, ಆರೈಕೆ ಕೇಂದ್ರಗಳಿಗೂ ಮನೆಗೆ ಬಂದು ಆರೈಕೆ ಮಾಡುವ ಏಜೆನ್ಸಿಗಳಿಗೂ ನೋಂದಣಿ ಬೇಕೆನ್ನುವ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಗಿ ಬಂದ ಅದು 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ಈ ನಡುವೆ, 2023ರ ಜನವರಿ 1ರ ಬೆಳಗಿನ ಜಾವ ಗ್ರೇಟರ್ ಕೈಲಾಶ್‌ನ ಆರೈಕೆ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. 2025ರ ಜೂನ್‌ನಲ್ಲಿ ನೋಯ್ಡಾದ 55ನೆಯ ಸೆಕ್ಟರಿನ ವೃದ್ಧಾಶ್ರಮವೊಂದರ ಮೇಲೆ ಉತ್ತರ ಪ್ರದೇಶದ ಮಹಿಳಾ ಆಯೋಗದವರು ಪೊಲೀಸರೊಡನೆ ದಾಳಿಮಾಡಿದಾಗ, 39 ವೃದ್ಧರು ದುರ್ದೆಸೆಯಲ್ಲಿ ಸಿಕ್ಕಿದರು. ಕೆಲವರ ಕೈಗಳನ್ನು ಕಟ್ಟಿಹಾಕಲಾಗಿತ್ತು ಎಂದು ಪತ್ರಿಕೆಗಳು ಬರೆದವು. ಅಲ್ಲಿದ್ದವರು ದಿಕ್ಕಿಲ್ಲದವರೇನಲ್ಲ, ಮನೆಯವರು ಹಣ ಕಟ್ಟಿ ಸೇರಿಸಿದವರೂ ಇದ್ದರು. ನಮ್ಮನ್ನು ಕಲಕಿದ್ದು ಇದೇ.

ಇಂಗ್ಲೆಂಡಿನಲ್ಲಿ ಇನ್ನೊಂದು ಪದ್ಧತಿಯಿದೆ. ವೃದ್ಧರಿಗೆ ತಮ್ಮದೇ ಬಾಗಿಲು, ಬೀಗದ ಕೈ ಉಳ್ಳ ಪುಟ್ಟ ಮನೆ. ಕರೆದರೆ ಸಹಾಯಕರು ಬರುತ್ತಾರೆ. ಮನೆಯ ಕರಾರು ಬೇರೆ, ಸೇವೆಯ ಕರಾರು ಬೇರೆ. ಸ್ನಾನ, ಊಟ, ಶೌಚಗಳಲ್ಲಿ ನೆರವಾಗುವ ಸಂಸ್ಥೆ ನೋಂದಣಿ ಪಡೆಯಲೇಬೇಕು. 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಅದರ ತಪಾಸಣೆ ನಡೆಸುತ್ತದೆ. ಅಲ್ಲಿಯೂ ದೂರುಗಳಿಲ್ಲದಿಲ್ಲ, ಆದರೆ ದೂರು ಹೇಳಲು ಒಂದು ಬಾಗಿಲಿದೆ.

ನಮ್ಮವರು ಜಾಗ ನೋಡಲು ಹೋದಾಗ ತೋಟ, ದೇವರ ಕೋಣೆ ನೋಡಿ ಬರುತ್ತಾರೆ. ಬಚ್ಚಲನ್ನು ನೋಡಬೇಕು. ಹಿಡಿಕೆಯಿದೆಯೇ, ನೆಲ ಜಾರುತ್ತದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಹೆಂಗಸರಿಗೆ ಹೆಂಗಸರೇ ಸ್ನಾನ ಮಾಡಿಸುತ್ತಾರೆಯೇ, ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ಮೆಟ್ಟಿಲಿದೆಯೇ ಎಂದು ಕೇಳಬೇಕು. ಮುನ್ಸೂಚನೆ ಕೊಡದೆ ಮತ್ತೊಮ್ಮೆ ಹೋಗಬೇಕು.

ನಮಗೇ ವಿಶೇಷವಾದ ತೊಡಕು ಇನ್ನೊಂದಿದೆ. ಮರೆವು ಕವಿದಾಗ, ನಡುವೆ ಕಲಿತ ಹಿಂದಿ ಮೊದಲು ಜಾರಿ, ಬಾಲ್ಯದ ಕನ್ನಡವೇ ಉಳಿಯುವುದುಂಟು. ‘ನೀರು ಸುಡುತ್ತೆ’ ಎಂದು ಅಜ್ಜಿ ಕೂಗಿದರೆ ಜಾರ್ಖಂಡದಿಂದ ಬಂದ ಹುಡುಗಿಗೆ ಏನು ತಿಳಿದೀತು? ಸುಡುತ್ತೆ, ಸಾಕು, ನೋವು, ಬಾಯಾರಿಕೆ, ಬಚ್ಚಲಿಗೆ ಹೋಗಬೇಕು – ಇಂಥ ಹತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಹಿಂದಿ ಅರ್ಥವನ್ನೂ ಕೊಟ್ಟು, ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ ಬರಬಹುದು. ಅಂಥದೊಂದು ಹಾಳೆಯನ್ನು ಸಂಘದಿಂದ ಅಚ್ಚುಮಾಡಿಸಿದರೆ ಖರ್ಚೂ ಹೆಚ್ಚಾಗದು.