ಪೆಟ್ಟಿಗೆಯ ಬಟ್ಟೆ, ಸಾಹುಕಾರರ ನೂಲು: ಕೋವಿಡ್ ಕಾಲದಲ್ಲಿ ಉತ್ತರ ಕರ್ನಾಟಕದ ಮನೆಗಳ ಕೈಕೆಲಸ

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ದೇಶಕ್ಕೆಲ್ಲ ಲಾಕ್‌ಡೌನ್ ಜಾರಿಯಾದ ಮೊದಲ ದಿನವೂ ಅದೇ. ಅದಕ್ಕೆ ಎರಡು ವಾರ ಮುಂಚೆ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆಗಿತ್ತಾದ್ದರಿಂದ ಉತ್ತರ ಕರ್ನಾಟಕದ ಊರುಗಳಿಗೆ ಈ ಭಯ ದೂರದ ಸುದ್ದಿಯಾಗಿರಲಿಲ್ಲ. ಆ ಬೇಸಿಗೆಯ ಬಗ್ಗೆ ಮುಂದೆ ಬಂದ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಜನ ಮನೆಯಲ್ಲಿ ಕೂತರು, ಬಿಡುವು ಸಿಕ್ಕಿತು, ಮರೆತುಹೋಗಿದ್ದ ಕೈಕೆಲಸ ಮರಳಿತು. ಈ ಮಾತನ್ನು ಎರಡು ಕಸುಬುಗಳ ಮೇಲಿಟ್ಟು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಒಂದು, ಹಳೆಯ ಬಟ್ಟೆಯ ಕೌದಿ ಹೊಲಿಯುವುದು. ಇನ್ನೊಂದು, ಇಳಕಲ್ಲ-ಗುಳೇದಗುಡ್ಡ ಸೀಮೆಯ ಕೈಮಗ್ಗದ ನೇಯ್ಗೆ. ಎರಡೂ ಮನೆಯೊಳಗೇ ನಡೆಯುವ ಕೆಲಸ, ಎರಡರಲ್ಲೂ ಹೆಂಗಸರ ದುಡಿಮೆ ದೊಡ್ಡದು. ಲಾಕ್‌ಡೌನಿನಲ್ಲಿ ಒಂದು ನಡೆಯಿತು, ಇನ್ನೊಂದು ನಿಂತಿತು. ಇದನ್ನು ತೀರ್ಮಾನಿಸಿದ್ದು ಬಿಡುವಲ್ಲ, ಕಚ್ಚಾಮಾಲು ಎಲ್ಲಿಂದ ಬರುತ್ತಿತ್ತು ಎಂಬುದು. ಬಿಡುವು ಎಂದು ಕರೆದದ್ದು ಯಾರ ಬಿಡುವು ಎಂಬ ಪ್ರಶ್ನೆಯೂ ಇದರ ಜೊತೆಗೇ ಏಳುತ್ತದೆ.

ಸೋಂಕಿನ ಕಾಲದಲ್ಲಿ ಮನೆಯೇ ಆಸರೆ ಎಂಬುದು ನಮ್ಮ ಸೀಮೆಯ ಹಳೆಯ ಅನುಭವವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿದಾಗ ಜನ ಮಾಡಿದ್ದು ಮನೆ ಬಿಡುವ ಕೆಲಸ. ಇಲಿ ಬಿದ್ದ ಮನೆಗೆ ಬೀಗ ಹಾಕಿ ಊರ ಹೊರಗೆ, ಹೊಲದಲ್ಲಿ, ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಹೊತ್ತೊಯ್ಯಬಹುದಾದದ್ದು ಪಾತ್ರೆ, ಕಾಳು, ಹಾಸಿಗೆ. ನೆಲ ಅಗೆದು ಹೂಡಿದ ಕುಣಿಮಗ್ಗವನ್ನು ಹೊತ್ತೊಯ್ಯುವಂತಿರಲಿಲ್ಲ. 2020ರಲ್ಲಿ ಆದದ್ದು ಇದರ ತಿರುವುಮುರುವು. ಮಗ್ಗ, ಮಗ್ಗದ ಒಡೆಯ, ಕಂಡಿಕೆ ಸುತ್ತುವ ಹೆಂಡತಿ ಎಲ್ಲರೂ ಒಂದೇ ಸೂರಿನಡಿ ಇದ್ದರು. ಹಾಗಿದ್ದೂ ಮಗ್ಗ ಆಡಲಿಲ್ಲ.

ಮೊದಲು ಕೌದಿಯನ್ನು ನೋಡೋಣ. ಅದಕ್ಕೆ ಬೇಕಾದದ್ದು ಸವೆದ ಸೀರೆ, ಧೋತರ, ಅಂಗಿಯ ಬೆನ್ನುಭಾಗ, ಮಕ್ಕಳ ಲಂಗ, ದಪ್ಪ ದಾರ, ಸೂಜಿ. ಕೆಳಗೆ ಉದ್ದಗಲ ಸರಿಯಿರುವ ಹಳೆಯ ಸೀರೆಯೊಂದನ್ನು ಪಡಸಾಲೆಯಲ್ಲಿ ಹಾಸಿ, ನಡುವೆ ತೀರ ಸವೆದವನ್ನು ಪದರು ಪದರಾಗಿ ಹರಡಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಉದ್ದಕ್ಕೂ ಸಣ್ಣ ಓಟದ ಹೊಲಿಗೆ ಹಾಕುತ್ತಾರೆ. ಮೃದುವಾಗಲು ಬಟ್ಟೆ ಹಳೆಯದೇ ಆಗಿರಬೇಕು. ಹೊಸ ಬಟ್ಟೆಯ ಕೌದಿ ಮೈಗೆ ಒರಟೆನಿಸುತ್ತದೆ, ತೊಳೆದಾಗ ಒಂದೊಂದು ಕಡೆ ಒಂದೊಂದು ರೀತಿ ಕುಗ್ಗುತ್ತದೆ. ಹೊಲಿಗೆ ಸಾಲು ದಟ್ಟವಾದಷ್ಟೂ ಬಾಳಿಕೆ ಹೆಚ್ಚು, ದಿನಗಳೂ ಹೆಚ್ಚು. ಹಾಗಾಗಿಯೇ ಇದು ನಾಲ್ಕು ಜನ ನಾಲ್ಕು ಮೂಲೆಗೆ ಕೂತು ಮಾತಾಡುತ್ತ ಮುಗಿಸುವ ಕೆಲಸವಾಗಿ ಬೆಳೆದುಬಂದಿದೆ. ಮಳೆಗಾಲಕ್ಕೆ ಮುನ್ನ, ಹೊಲದ ಕೆಲಸ ಇಲ್ಲದ ಬೇಸಿಗೆ ಇದರ ಹಂಗಾಮು. ಲಾಕ್‌ಡೌನ್ ಬಂದದ್ದೂ ಅದೇ ಹಂಗಾಮಿನಲ್ಲಿ ಎಂಬುದನ್ನು ಮರೆಯಬಾರದು. ಆ ವರ್ಷ ಕೌದಿ ಹೊಲಿದ ಮನೆಗಳೆಲ್ಲ ರೋಗದಿಂದಾಗಿ ಹೊಲಿದವು ಎಂದರೆ ತಪ್ಪಾದೀತು. ಎಷ್ಟೋ ಕಡೆ ಅವರು ಪ್ರತಿ ವರ್ಷ ಮಾಡುತ್ತಿದ್ದುದನ್ನೇ ಮಾಡಿದರು.

ಆದರೆ ಒಂದು ವ್ಯತ್ಯಾಸ ನಿಜವಾಗಿ ಇತ್ತು, ಅದು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ್ದು. ನಮ್ಮ ಊರುಗಳಲ್ಲಿ ಹಳೆಯ ಬಟ್ಟೆ ಮನೆಯಿಂದ ಹೊರಹೋಗುವ ಮುಖ್ಯ ದಾರಿ ಸ್ಟೀಲ್ ಪಾತ್ರೆಯ ವ್ಯಾಪಾರಿಗಳು. ಬುಟ್ಟಿ ಹೊತ್ತು ಓಣಿಗೆ ಬಂದು, ಇಷ್ಟು ಸೀರೆ, ಇಷ್ಟು ಪ್ಯಾಂಟಿಗೆ ಒಂದು ಡಬ್ಬಿ ಎಂದು ಚೌಕಾಸಿ ಮಾಡಿ ಬಟ್ಟೆ ಒಯ್ಯುವ ಹೆಂಗಸರು. ಕಳೆದ ಕೆಲವು ದಶಕಗಳಲ್ಲಿ ಕೌದಿಗೆ ಹೋಗಬೇಕಿದ್ದ ಬಟ್ಟೆಯ ದೊಡ್ಡ ಪಾಲು ಈ ದಾರಿಯಲ್ಲಿ ಹರಿದುಹೋಗಿದೆ. ಲಾಕ್‌ಡೌನಿನಲ್ಲಿ ಅವರು ಬರುವಂತಿರಲಿಲ್ಲ. ಟ್ರಂಕಿನ ಬಟ್ಟೆ ಟ್ರಂಕಿನಲ್ಲೇ ಉಳಿಯಿತು. ಪಟ್ಟಣಗಳಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಮರಳಿದ್ದ ಮನೆಗಳಲ್ಲಿ ಹಾಸಿಗೆಯ ಅಗತ್ಯವೂ ಹೆಚ್ಚಿತ್ತು. ಕೈಗೆ ಸಿಗುವ ಬಟ್ಟೆ, ಮೇಲೆ ಹೊದೆಯುವ ಮೈಗಳು: ಕೌದಿಗೆ ಬೇಕಾದದ್ದು ಇಷ್ಟೇ. ಅಂಗಡಿ ತೆರೆದಿರಬೇಕಾದದ್ದು ದಾರಕ್ಕೆ ಮಾತ್ರ.

ಅದೇ ಕೌದಿಯನ್ನು ಕೂಲಿಗೆ ಹೊಲಿಯುವವರ ಸ್ಥಿತಿ ಬೇರೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಊರೂರು ತಿರುಗಿ, ಬಟ್ಟೆ ಕೊಟ್ಟ ಮನೆಯವರಿಗೆ ಕೌದಿ ಹೊಲಿದುಕೊಡುತ್ತ ಬಂದಿದ್ದಾರೆ. ಬಟ್ಟೆ ಮನೆಯೊಡತಿಯದು, ಕೈ ಇವರದು. ತಿರುಗಾಟ ನಿಂತ ದಿನವೇ ಇವರ ಕಸುಬು ನಿಂತಿತು, ಬಟ್ಟೆಯಾಗಲಿ ಬೇಡಿಕೆಯಾಗಲಿ ಕಡಿಮೆಯಾದದ್ದರಿಂದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕವಂದ್ ಇನ್ನೊಂದು ಬಗೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅದರ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚು ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇಡದಿದ್ದರೆ ಸಿದ್ದಿ ಹೆಂಗಸರ ಲೆಕ್ಕದಲ್ಲಿ ಕವಂದ್ ಪೂರ್ತಿಯಾಗುವುದಿಲ್ಲ. ಮನೆಬಳಕೆಗೆ ಹುಟ್ಟಿದ ಈ ಹೊದಿಕೆಗೆ 2004ರ ಹೊತ್ತಿಗೆ ಸಹಕಾರ ಗುಂಪಿನ ಮೂಲಕ ಹೊರಗಿನ ಮಾರುಕಟ್ಟೆಯೂ ತೆರೆದುಕೊಂಡಿತು. ಮಾರಾಟಕ್ಕೆಂದು ಹೊಲಿದದ್ದು ಗಿರಾಕಿಯ ದಾರಿ ಕಾಯಬೇಕು, ಮಗುವಿಗೆಂದು ಹೊಲಿದದ್ದು ಅಂದೇ ತೊಟ್ಟಿಲಿಗೆ ಹೋಗುತ್ತದೆ.

ಈಗ ಮಗ್ಗಕ್ಕೆ ಬರೋಣ. ಇಳಕಲ್ಲ ಸೀರೆಯ ವಿಶೇಷವೇ ಅದರ ಸೆರಗು. ಒಡಲಿನ ಹಾಸಿನ (ಉದ್ದೆಳೆಗಳ) ತುದಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಹಾಸು ಹೀಗೆ ನಡುವೆ ಜೋಡಣೆಯಾಗುವುದರಿಂದ ಹತ್ತಾರು ಸೀರೆಗೆ ಒಟ್ಟಿಗೆ ಹಾಸು ಹೂಡುವಂತಿಲ್ಲ. ಆರು, ಎಂಟು ಅಥವಾ ಒಂಬತ್ತು ಗಜದ ಒಂದೊಂದು ಸೀರೆಗೂ ಪ್ರತ್ಯೇಕ ಹಾಸು ಬೇಕು. ಈ ತಾಂತ್ರಿಕ ಸಂಗತಿಗೆ ದೊಡ್ಡ ಆರ್ಥಿಕ ಪರಿಣಾಮವಿದೆ. ನೇಕಾರನ ಮನೆಯಲ್ಲಿ ಮುಂದಿನ ತಿಂಗಳಿಗಾಗುವಷ್ಟು ಹಾಸು ಎಂದೂ ಇರುವುದಿಲ್ಲ. ನೂಲು, ರೇಷ್ಮೆ ಕೊಡುವವರು ಸಾಹುಕಾರರು. ನೇಯ್ದ ಸೀರೆ ಮುಟ್ಟಿಸಿ ಮಜೂರಿ ಪಡೆದು ಮುಂದಿನ ನೂಲು ತರುವುದು ರೂಢಿ. ಸಾಹುಕಾರರಿಗೆ ನೂಲು ಬರುವುದು ಹೊರಗಿನಿಂದ, ಲಾರಿಯಲ್ಲಿ. ಲಾಕ್‌ಡೌನಿನಲ್ಲಿ ಆ ದಾರಿ ಮುಚ್ಚಿದ್ದರಿಂದ ಮಗ್ಗದ ಮೇಲಿದ್ದ ಸೀರೆ ಮುಗಿದ ದಿನ ಕೆಲಸವೂ ಮುಗಿಯಿತು.

ಕಾಲವೂ ಕೆಟ್ಟದಾಗಿತ್ತು. ಯುಗಾದಿಯಿಂದ ಬಸವ ಜಯಂತಿ, ಅಕ್ಷಯ ತೃತೀಯ ದಾಟಿ ಮುಂಗಾರಿನವರೆಗೆ ಮದುವೆಯ ಹಂಗಾಮು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಹೆಚ್ಚು ಮಾರುವುದು ಆಗಲೇ. 2020ರಲ್ಲಿ ಮೇ 31ರವರೆಗೆ ಒಂದರ ಮೇಲೊಂದು ಲಾಕ್‌ಡೌನ್ ಮುಂದುವರಿಯಿತು. 2021ರಲ್ಲಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ರಾಜ್ಯ ಮತ್ತೆ ಬಂದ್ ಆಯಿತು. ಎರಡು ವರ್ಷದ ಎರಡೂ ಹಂಗಾಮು ಹೀಗೆ ಹೋದವು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದರು, ಅವರಲ್ಲಿ ಶೇಕಡ ಸುಮಾರು 72 ಹೆಂಗಸರು. ಸುಮಾರು ಮೂರರಲ್ಲಿ ಎರಡು ಪಾಲು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಇಂಥ ಮನೆ ಹಂಗಾಮು ಕಳೆದುಕೊಂಡರೆ ಅದನ್ನು ತುಂಬಿಕೊಡಲು ಉಳಿತಾಯ ಎಂಬುದೇ ಇರುವುದಿಲ್ಲ. 2020ರ ಮೇ 6ರಂದು ಕರ್ನಾಟಕ ಸರ್ಕಾರ ನೇಕಾರ ಸಮ್ಮಾನ್ ಯೋಜನೆ ಪ್ರಕಟಿಸಿ, ಕೈಮಗ್ಗ ನೇಕಾರರ ಬ್ಯಾಂಕ್ ಖಾತೆಗೆ ವರ್ಷಕ್ಕೆ 2,000 ರೂಪಾಯಿ ನೇರವಾಗಿ ಹಾಕುವುದಾಗಿ ಹೇಳಿತು. ಅದು ಸ್ವಾಗತಾರ್ಹವೇ, ಆದರೆ ನಿಂತ ಮಗ್ಗಕ್ಕೆ ಬೇಕಿದ್ದದ್ದು ನೂಲು ಮತ್ತು ನೇಯ್ದದ್ದನ್ನು ಕೊಳ್ಳುವ ಕೈ. ಅದೇ ವರ್ಷದ ಮಳೆಗಾಲದಲ್ಲಿ ಕೇಂದ್ರ ಸರ್ಕಾರ ಜುಲೈ 27ರಂದು ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ, ಆಗಸ್ಟ್ 3ರಂದು ಕರಕುಶಲ ಮಂಡಳಿಯನ್ನೂ ರದ್ದುಮಾಡಿತು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಆಗ ವಾರವೂ ಉಳಿದಿರಲಿಲ್ಲ. ನೇಕಾರರ ದನಿ ಸರ್ಕಾರದ ಮೇಜಿಗೆ ತಲುಪಬೇಕಿದ್ದ ಹೊತ್ತಿನಲ್ಲೇ ಒಂದು ಕುರ್ಚಿ ತೆಗೆದದ್ದು ತಪ್ಪು ನಿರ್ಧಾರ ಎಂದೇ ನಾನು ತಿಳಿಯುತ್ತೇನೆ.

ಮನೆಯಿಂದ ಕೆಲಸ ಎಂಬುದು ಆ ದಿನಗಳಲ್ಲಿ ಹೊಸ ಶೋಧದಂತೆ ಚರ್ಚೆಯಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರ ಜನವರಿಯಲ್ಲಿ ಪ್ರಕಟಿಸಿದ ವರದಿ ಬೇರೆಯೇ ಚಿತ್ರ ಕೊಡುತ್ತದೆ. ಸೋಂಕಿಗೆ ಮುನ್ನ, 2019ರಲ್ಲೇ, ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಲ್ಲೇ ದುಡಿಯುತ್ತಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಇಂಥವರ ಹಕ್ಕುಗಳಿಗಾಗಿ ಅದೇ ಸಂಘಟನೆ 1996ರಲ್ಲಿ ರೂಪಿಸಿದ 177ನೆಯ ಒಡಂಬಡಿಕೆಗೆ ಭಾರತ ಅನುಮೋದನೆ ನೀಡಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೂಲಿಗೆ ಕಸೂತಿ ಹಾಕುವ ಹೆಂಗಸರನ್ನೂ ಈ ಸಾಲಿಗೇ ಸೇರಿಸಬೇಕು: ಸೂಜಿ ಮನೆಯದು, ಬಟ್ಟೆ ಮತ್ತು ಬೇಡಿಕೆ ಹೊರಗಿನವು. 2020ರ ಏಪ್ರಿಲ್ 4ರಂದು ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲೇ ಮಾಡಿದ ಮಾಸ್ಕ್ ಬಳಸಲು ಸಲಹೆ ಕೊಟ್ಟ ಮೇಲೆ ಸ್ವಸಹಾಯ ಸಂಘಗಳ ಹೊಲಿಗೆ ಯಂತ್ರಗಳಿಗೆ ಕೆಲವು ತಿಂಗಳು ಕೆಲಸ ಸಿಕ್ಕಿತು. ಅಲ್ಲೂ ಅದೇ ನಿಯಮ. ಇಲಾಸ್ಟಿಕ್ ಸಿಗದ ಕಡೆ ಲಾಡಿ ಕಟ್ಟಿದರು, ಹತ್ತಿ ಬಟ್ಟೆ ಬಂದಷ್ಟು ದಿನ ಹೊಲಿದರು.

ಇನ್ನು ಬಿಡುವಿನ ಮಾತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಸಿದ ಕಾಲಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕುತ್ತಿದ್ದವರೇ ನೂರಕ್ಕೆ 26. ಶಾಲೆ ಮುಚ್ಚಿ, ಹೊರಗಿನ ಊಟ ನಿಂತು, ಎಲ್ಲರೂ ಮೂರು ಹೊತ್ತೂ ಮನೆಯಲ್ಲೇ ಇದ್ದಾಗ ಒಲೆಯ ಮುಂದಿನ ಹೊತ್ತು ಕಡಿಮೆಯಾಗುವ ದಾರಿಯಿರಲಿಲ್ಲ. ಕೌದಿಯ ಹೊಲಿಗೆ ಸಾಗಿದ್ದು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ, ಸಂಜೆಯ ಚಹಾಕ್ಕೆ ಮುನ್ನ. ಅದು ಹೆಂಗಸರು ತಮ್ಮ ನಿದ್ದೆಯಿಂದ, ವಿಶ್ರಾಂತಿಯಿಂದ ಕಿತ್ತುಕೊಂಡ ಹೊತ್ತು. ಅದರಲ್ಲಿ ಸಂತೋಷವಿರಲಿಲ್ಲ ಎಂದು ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಭಯದ ದಿನಗಳಲ್ಲಿ ಕೈಗೊಂದು ಕೆಲಸ, ಪಕ್ಕದಲ್ಲೊಬ್ಬರು ಕೂತಿರುವುದು ದೊಡ್ಡ ನೆಮ್ಮದಿ. ಆದರೆ ಆ ನೆಮ್ಮದಿಯನ್ನು ದುಡಿದು ಪಡೆದವರು ಅವರೇ, ಲಾಕ್‌ಡೌನ್ ಕೊಟ್ಟದ್ದಲ್ಲ.

ಮುಂದಿನ ಕಾಲಬಳಕೆ ಸಮೀಕ್ಷೆ ನಡೆದದ್ದು 2024ರಲ್ಲಿ. ಅದರಲ್ಲಿ ಹೆಂಗಸರದು 289 ನಿಮಿಷ, ಗಂಡಸರದು 88. ಸೋಂಕಿನ ವರ್ಷಗಳು ಈ ಎರಡು ಸಮೀಕ್ಷೆಗಳ ನಡುವೆ ಬೀಳುತ್ತವೆ, ಎರಡರಲ್ಲೂ ಅಳತೆಗೆ ಸಿಕ್ಕಿಲ್ಲ. ಹಾಗಾಗಿ ಆ ಕಾಲದ ಕೌದಿಗಳನ್ನೇ ಆಕರವಾಗಿ ಓದಬೇಕೆಂಬುದು ನನ್ನ ಸಲಹೆ: ಯಾವ ಬಟ್ಟೆ ಯಾರದ್ದು, ಹೊಲಿಗೆಯ ಸಾಲು ಎಲ್ಲಿ ಕೈ ಬದಲಾಯಿಸಿದೆ, ದಾರ ಎಲ್ಲಿ ಮುಗಿದು ಬೇರೆ ಬಣ್ಣದ್ದು ಬಂದಿದೆ ಎಂದು ಹೊಲಿದವರು ಇರುವಾಗಲೇ ಕೇಳಿ ಬರೆದಿಡಬೇಕು. ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಸಮೀಕ್ಷೆಯ ವರ್ಗೀಕರಣದಲ್ಲಿ ಸ್ವಂತ ಬಳಕೆಗೆ ಬಟ್ಟೆಬರೆ ತಯಾರಿಸುವುದು ಉತ್ಪಾದನೆ, ದೇಶದ ಉತ್ಪನ್ನದ ಲೆಕ್ಕದೊಳಕ್ಕೆ ಬರುವಂಥದ್ದು. ಹರಿದ ಬಟ್ಟೆ ಹೊಲಿದುಕೊಳ್ಳುವುದು ಮನೆಗೆಲಸ, ಆ ಲೆಕ್ಕದ ಹೊರಗಿನದು. ಸವೆದ ಹಳೆಯ ಕೌದಿಯನ್ನೇ ಒಳಗಿಟ್ಟು ಮೇಲೊಂದು ಪದರು ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಸಾಮಾನ್ಯ ರೂಢಿ. ಆ ಹೊಲಿಗೆ ಯಾವ ಕಡೆಗೆ ಸೇರಬೇಕೆಂದು ಇದುವರೆಗಿನ ನಮ್ಮ ಜವಳಿ ಅಧ್ಯಯನಗಳಾಗಲಿ ಅಂಕಿಅಂಶದ ಕೈಪಿಡಿಗಳಾಗಲಿ ಹೊಲಿಯುವವರನ್ನು ಮುಂದೆ ಕೂರಿಸಿಕೊಂಡು ತೀರ್ಮಾನಿಸಿದ್ದನ್ನು ನಾನು ಕಂಡಿಲ್ಲ.