ಗಾಜಿನ ಹಂಚಿನ ಕೆಳಗಿನ ಹಸಿರು

ಮಂಗಳೂರಿನ ಕುಲಶೇಖರದ ಹಳೆಯ ಹಂಚಿನ ಮನೆಗಳಲ್ಲಿ ಚಟ್ಟಿಗಿಡದ ಜಾಗ ಜಗಲಿಯ ಅಂಚು. ಅಂಥೂರಿಯಂ, ಕ್ರೋಟನ್‌ಗಳು ಮಾಡಿನ ನೆರಳನ್ನೂ ಅಂಗಳದ ಬೆಳಕನ್ನೂ ಒಟ್ಟಿಗೆ ಉಣ್ಣುತ್ತಿದ್ದವು. ಅಂಗಡಿಗೆ ಹಸಿರು ಬರುತ್ತಿದ್ದದ್ದು ಹಬ್ಬಕ್ಕೆ, ಉದ್ಘಾಟನೆಗೆ: ಮಾವಿನ ತೋರಣ, ಬಾಳೆಗಿಡ, ಹಿಂಗಾರ. ಈಗ ರಾಷ್ಟ್ರೀಯ ಹೆದ್ದಾರಿ 169ರ ಬದಿಯ ಶೋರೂಮು, ಕ್ಲಿನಿಕ್ಕುಗಳಲ್ಲಿ ಚಟ್ಟಿ ಕೌಂಟರಿನ ಪಕ್ಕಕ್ಕೇ ಬಂದು ಕೂತಿದೆ.

ಈ ದಾರಿ ತೆರೆದದ್ದು ಗಾಜು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಜರಿಗಿಡವೊಂದು ತಾನಾಗಿ ಬೆಳೆದದ್ದನ್ನು ಕಂಡ. ಮುಂದೆ ಆತನ ಗಾಜಿನ ಪೆಟ್ಟಿಗೆಗಳಲ್ಲೇ ಉಷ್ಣವಲಯದ ಗಿಡಗಳು ಹಡಗು ಹತ್ತಿದವು. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1967ರಲ್ಲಿ ನ್ಯೂಯಾರ್ಕಿನ ಫೋರ್ಡ್ ಫೌಂಡೇಶನ್ ಕಟ್ಟಡ ತನ್ನ ಕಚೇರಿಗಳ ನಡುವೆ ಗಾಜಿನ ಮಾಡಿನಡಿ ತೋಟವನ್ನೇ ಬೆಳೆಸಿತು.

ಆಮೇಲೆ ಬಂದದ್ದು 1989ರ ನಾಸಾ ಪ್ರಯೋಗ. ಬಿಲ್ ವೂಲ್ವರ್ಟನ್ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡವಿಟ್ಟು ಬೆಂಜೀನ್, ಫಾರ್ಮಾಲ್ಡಿಹೈಡ್ ಕಡಿಮೆಯಾಗುವುದನ್ನು ತೋರಿಸಿದರು. ಅಂದಿನಿಂದ ಇಂದಿನವರೆಗೂ ‘ಗಾಳಿ ಶುದ್ಧಿ ಮಾಡುವ ಗಿಡ’ ಎಂಬ ಚೀಟಿ ಅಂಟಿಸಿ ಮಾರಾಟ ನಡೆದಿದೆ. ಆದರೆ ಅಂಗಡಿ ಮುಚ್ಚಿದ ಪೆಟ್ಟಿಗೆಯಲ್ಲ, ಬಾಗಿಲು ತೆರೆದಾಗೆಲ್ಲ ಗಾಳಿ ಬದಲಾಗುತ್ತದೆ. 2019ರಲ್ಲಿ ಸಂಶೋಧಕರಾದ ಕಮಿಂಗ್ಸ್ ಮತ್ತು ವೇರಿಂಗ್ ಹಳೆಯ ಹಲವು ಪ್ರಯೋಗಗಳನ್ನು ಲೆಕ್ಕ ಹಾಕಿದರು: ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿ ಬದಲಾವಣೆಗೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಗಿಡ ಇಡಲು ಆ ನೆಪದ ಅಗತ್ಯವೇ ಇಲ್ಲ. ಸೆಕೆಯಲ್ಲಿ ಒಳಗೆ ಬಂದವರ ಕಣ್ಣಿಗೆ ತಂಪಾಗುತ್ತದಲ್ಲ, ಅಷ್ಟು ಸಾಕು.

2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಬಿದಿರಿನ ಮಾಡಿನಿಂದ ಬಳ್ಳಿಗಳನ್ನು ಇಳಿಬಿಟ್ಟು ಹಸಿರನ್ನೇ ಕಟ್ಟಡದ ಗುರುತಾಗಿಸಿತು. ಅಲ್ಲಿ ಗಿಡ ನಕ್ಷೆಯಲ್ಲೇ ಇತ್ತು. ನಮ್ಮ ಊರಿನ ಅಂಗಡಿಗಳಲ್ಲಿ ಅದು ಕಟ್ಟಕಡೆಗೆ ಬರುತ್ತದೆ. ಫಾಲ್ಸ್ ಸೀಲಿಂಗ್, ಬಣ್ಣ, ಕನ್ನಡಿ ಎಲ್ಲ ಮುಗಿದ ಮೇಲೆ ಖಾಲಿ ಮೂಲೆಗೊಂದು ಅರೆಕಾ ಪಾಮ್. ನನ್ನನ್ನು ನೋಯಿಸುವುದು ಇದೇ. ಒಂದು ಬಟ್ಟೆ ಅಂಗಡಿಯಲ್ಲಿ ಟ್ರಯಲ್ ರೂಮಿನ ಪಕ್ಕ ಅಂಥದೊಂದನ್ನು ನೋಡಿದೆ: ಹಳೆಯ ಗರಿಗಳ ತುದಿ ಕಂದು, ಹೊಸ ಗರಿ ನೂಲಿನಂತೆ ಸಪೂರ, ಇಡೀ ಗಿಡ ದೂರದ ಗಾಜಿನ ಬಾಗಿಲಿನತ್ತ ವಾಲಿತ್ತು. ಬೇರಿನ ಮಣ್ಣು ಮಾತ್ರ ತೊಯ್ದು ಕೆಸರು. ಹಸಿದದ್ದು ಬೆಳಕಿಗೆ, ಸಿಕ್ಕಿದ್ದು ನೀರು.

ಬೆಳಕು ಸಾಕೇ ಎಂದು ತಿಳಿಯಲು ಎಲೆಯ ಮೇಲೆ ಅಂಗೈ ಹಿಡಿದು ನೋಡಬೇಕು. ನೆರಳು ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಪಾಮ್ ಬದುಕುತ್ತದೆ. ಮಸುಕಾದರೆ ಮನಿಪ್ಲಾಂಟ್, ಇಲ್ಲವೇ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜೀಜೀ ಗಿಡ. ನೆರಳೇ ಬೀಳದಿದ್ದರೆ ದೀಪ ಹಾಕಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೋಡ ಹಗಲನ್ನೇ ನುಂಗುವುದರಿಂದ ಈ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಆಗ ಚಟ್ಟಿಯಡಿಯ ತಟ್ಟೆಯಲ್ಲಿ ವಾರಗಟ್ಟಲೆ ನೀರು ನಿಂತರೆ ಡೆಂಗೆ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಮಲೇರಿಯಾ, ಡೆಂಗೆ ಎರಡನ್ನೂ ಬಲ್ಲ ಮಂಗಳೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದಿನವರು ಹಂಚಿನ ಸಾಲಿನ ನಡುವೆ ಒಂದೆರಡು ಗಾಜಿನ ಹಂಚು ಹೊದಿಸಿ ಕತ್ತಲೆ ಕೋಣೆಗೆ ಬೆಳಕು ಇಳಿಸುತ್ತಿದ್ದರು. ಒಳಾಂಗಣ ವಿನ್ಯಾಸಕಾರರು ಮೊದಲು ಆ ಹಂಚಿನ ಜಾಗ ಗುರುತಿಸಲಿ, ಚಟ್ಟಿ ಅದರ ಕೆಳಗೆ ಬರಲಿ.

ಗಿಡದ ಆಯ್ಕೆಯೂ ಬದಲಾಗಬೇಕು. ಅರೆಕಾ ಪಾಮ್ ಮಡಗಾಸ್ಕರಿನದು, ಜೀಜೀ ಆಫ್ರಿಕಾದ್ದು, ತೂತೆಲೆಯ ಮಾನ್‌ಸ್ಟೆರಾ ಮೆಕ್ಸಿಕೋ ಕಡೆಯದು. ಅದೇ ಬಗೆಯ ತೂತೆಲೆಯ ಬಳ್ಳಿ, ರಾಫಿಡೋಫೋರಾ ಪರ್ಟುಸಾ, ನಮ್ಮ ಘಟ್ಟದ ಮರಗಳ ಕಾಂಡ ಹಿಡಿದು ಹತ್ತುತ್ತದೆ, ನೆರಳೂ ತೇವವೂ ಅದಕ್ಕೆ ಹುಟ್ಟಿನಿಂದ ಗೊತ್ತು. ಕಾಡಿನಿಂದ ಕಿತ್ತು ತರಬೇಕಾಗಿಲ್ಲ. ಗೆಣ್ಣಿರುವ ತುಂಡು ನೆಟ್ಟು ನರ್ಸರಿಯವರು ಒಂದೇ ಬಳ್ಳಿಯಿಂದ ಹತ್ತಾರು ಚಟ್ಟಿ ಮಾಡಬಲ್ಲರು.