ಲ್ಯಾಂಬ್ಟನ್ನನೂ ನಮ್ಮ ಘಟ್ಟಗಳೂ

ಬೆಳ್ತಂಗಡಿಯಿಂದ ಮೂಡಣಕ್ಕೆ ಮುಖಮಾಡಿ ನಿಂತವರಿಗೆ ಬಲ್ಲಾಳರಾಯನದುರ್ಗದ ಸಾಲು ಅಪರಿಚಿತವಲ್ಲ. ಅಲ್ಲಿಯ ಹಾಳುಕೋಟೆಯನ್ನು ಚರಿತ್ರಪ್ರಿಯರು ಬಲ್ಲರು. ಆದರೆ ಭೂಗೋಲದ ಆಕಾರವನ್ನರಿಯಲು ಹೊರಟ ಗಣಿತಜ್ಞನೊಬ್ಬನ ಲೆಕ್ಕದಲ್ಲಿಯೂ ಆ ಬೆಟ್ಟಕ್ಕೆ ಸ್ಥಾನವುಂಟೆಂಬುದನ್ನು ಬಲ್ಲವರು ವಿರಳ.

ವಿಲಿಯಂ ಲ್ಯಾಂಬ್ಟನ್ ವೃತ್ತಿಯಿಂದ ಸೈನಿಕನು. ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು. ಆ ವರ್ಷವೇ ನಮ್ಮ ಜಿಲ್ಲೆಯೂ ಕುಂಪಣಿಯ ವಶವಾಯಿತು. ಗೆದ್ದ ನೆಲಕ್ಕೆ ಕುಂಪಣಿಯು ಬಯಸಿದ್ದು ನಕ್ಷೆಯನ್ನು. ಲ್ಯಾಂಬ್ಟನ್ನನು ಬಯಸಿದ್ದು ಭೂಮಿಯ ದುಂಡಿನ ನಿಜವಾದ ಪ್ರಮಾಣವನ್ನು. ಒಬ್ಬರ ರಾಜ್ಯಲೋಭದ ಹಣದಿಂದ ಇನ್ನೊಬ್ಬನ ಶಾಸ್ತ್ರವು ನಡೆಯಿತೆಂದರೆ ಕಟುವಾದೀತು, ಸುಳ್ಳಾಗದು.

೧೮೦೨ರಲ್ಲಿ ಮದರಾಸಿನ ಸೈಂಟ್ ತೋಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿನ ಆಧಾರರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆದನು. ಮುಂದೆಲ್ಲ ಕೋನಗಳ ಕೆಲಸ. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳು ಲೆಕ್ಕಕ್ಕೆ ಸಿಕ್ಕುವುವು. ಆ ಭುಜದ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ದೂರದ ಗುರುತು ಕಾಣಬೇಕಾದರೆ ಎತ್ತರ ಬೇಕು. ಆದಕಾರಣ ಈ ಶಾಸ್ತ್ರಜ್ಞನು ಗಿರಿಗಳನ್ನೇರುವವನೂ ಆಗಬೇಕಾಯಿತು. ಕೋನವನ್ನಳೆಯುವ ಥಿಯೊಡೊಲೈಟ್ ಯಂತ್ರದ ಭಾರವಾದರೋ ಅರ್ಧ ಟನ್ನು!

ಈ ತ್ರಿಕೋನಮಾಲೆಯು ಬೆಂಗಳೂರಿನ ಬಯಲನ್ನು ದಾಟಿ, ಘಟ್ಟದ ನೆತ್ತಿಯನ್ನು ಹಿಡಿದು, ಕೆಲವೇ ವರ್ಷಗಳಲ್ಲಿ ಮಂಗಳೂರಿನ ಕಡಲನ್ನು ಮುಟ್ಟಿತು. ಮದರಾಸಿನಿಂದ ಮಂಗಳೂರಿಗೆ ದೂರವು ಸುಮಾರು ೩೬೦ ಮೈಲಿಯೆಂದು ಕಂಡಿತು. ಹಿಂದಿನ ಭೂಪಟಗಳು ಅದನ್ನು ೪೦೦ ಮೈಲಿಯೆಂದು ನಂಬಿದ್ದುವು. ಇರದಿದ್ದ ನಲವತ್ತು ಮೈಲಿಗಳು ಕಾಗದದಿಂದ ಅಳಿದುಹೋದುವು!

ಮಲೆಯ ಜ್ವರ, ಜಿಗಣೆ, ಮಂಜುಗಳ ನಡುವೆ ಆ ಯಂತ್ರವನ್ನು ಹೆಗಲಮೇಲೆ ಹೊತ್ತವರ ಹೆಸರು ಗ್ರಂಥಗಳಲ್ಲಿಲ್ಲ. ಅಳತೆಯ ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲತಕ್ಕುದೆಂದು ನಮ್ಮ ಮತ.

ಬೆಟ್ಟವಿಲ್ಲದಲ್ಲಿ ದೇವಾಲಯದ ಗೋಪುರವೇ ಗತಿ. ೧೮೦೮ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು ಯಂತ್ರವು ಗೋಡೆಗೆ ಬಡಿಯಿತು. ಅದರ ದೊಡ್ಡ ವೃತ್ತವು ಸೊಟ್ಟಾಯಿತು. ಲ್ಯಾಂಬ್ಟನ್ನನು ಇಂಗ್ಲೆಂಡಿನಿಂದ ಬೇರೊಂದು ಬರುವವರೆಗೆ ಕಾಯಲಿಲ್ಲ. ಅದನ್ನು ತಾನೇ ಬಿಚ್ಚಿ, ಹಲವು ವಾರ ಕುಳಿತು ಸರಿಪಡಿಸಿದನು. ಅದೇ ಯಂತ್ರದೊಡನೆ ಬಡಗಣಕ್ಕೆ ಸಾಗುತ್ತ, ೧೮೨೩ರ ಜನವರಿಯಲ್ಲಿ, ಎಪ್ಪತ್ತರ ಸುಮಾರಿನ ವಯಸ್ಸಿನಲ್ಲಿ, ಹಿಂಗನಘಾಟದಲ್ಲಿ ತೀರಿಕೊಂಡನು. ಕೆಲಸವು ಜಾರ್ಜ್ ಎವರೆಸ್ಟನ ಕೈಸೇರಿತು.